ಮಳಖೇಡದಲ್ಲಿ ನೋಡಲಿಕ್ಕೇನಿದೆ?

ದೀಪಾವಳಿ ಹತ್ತಿರ ಬಂತೆಂದರೆ ಪುಣೆಯ ಅಪಾರ್ಟ್‌ಮೆಂಟುಗಳ ಮೂಲೆಮೂಲೆಯಲ್ಲಿ ಮಣ್ಣಿನ ಕೋಟೆಗಳು ಏಳುತ್ತವೆ. ಇಲ್ಲಿರುವವರಿಗೆ ಇದು ಗೊತ್ತೇ ಇದೆ. ಬೆಂಗಳೂರು, ದಿಲ್ಲಿ, ಚೆನ್ನೈಗಳಲ್ಲಿ ಕೂತು ಓದುತ್ತಿರುವವರಿಗಾಗಿ ಹೇಳುತ್ತಿದ್ದೇನೆ. ಮಕ್ಕಳು ಇಟ್ಟಿಗೆ, ಕಲ್ಲು, ಹಳೇ ಗೋಣಿಚೀಲ ಒಟ್ಟುಹಾಕಿ, ಮೇಲೆ ಕೆಮ್ಮಣ್ಣು ಮೆತ್ತಿ, ಹುಲ್ಲು ಬರಲೆಂದು ಅಡುಗೆಮನೆಯಿಂದ ಸಾಸಿವೆ ಕದ್ದು ತಂದು ಚೆಲ್ಲುತ್ತಾರೆ. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರ ಗೊಂಬೆ, ಕೆಳಗೆ ಮೆಟ್ಟಿಲುಗಳ ಮೇಲೆ ಮಾವಳೆ ಸೈನಿಕರು. ಇದಕ್ಕೆ ‘ಕಿಲ್ಲಾ’ ಎಂದು ಹೆಸರು. ಮಕ್ಕಳ ಆಟವೇ ಆದರೂ ಆಟದಷ್ಟು ಹಗುರವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ರಾಜಗಡ ಮಾಡಿದರೆ ಅದು ರಾಜಗಡದ ಹಾಗೇ ಇರಬೇಕು.

2023ರ ದೀಪಾವಳಿಗೆ ನನ್ನ ಮಗಳು ನಾಲ್ಕನೇ ಕ್ಲಾಸು. ಮಹಾರಾಷ್ಟ್ರದ ರಾಜ್ಯ ಪಠ್ಯದಲ್ಲಿ ನಾಲ್ಕನೇ ತರಗತಿಯ ಇತಿಹಾಸವೆಂದರೆ ಪೂರ್ತಿ ಶಿವಾಜಿ ಮಹಾರಾಜರದ್ದೇ. ಕೈಕಾಲೆಲ್ಲ ಕೆಸರು ಮಾಡಿಕೊಂಡು ಮೇಲೆ ಬಂದವಳು ಕೇಳಿದಳು: “ಅಪ್ಪಾ, ನಮ್ದು ಯಾವ ಗಡ?”

ಕೆಳಗಿನ ಮನೆಯ ಹುಡುಗನ ಅಜ್ಜಿಯ ಊರು ತೋರಣಾದ ಬುಡದಲ್ಲಂತೆ. ಇನ್ನೊಬ್ಬಳದು ಸಾತಾರಾ, ಅಜಿಂಕ್ಯತಾರಾ ಅವರ ಮನೆಯ ತಾರಸಿಯಿಂದಲೇ ಕಾಣುತ್ತದಂತೆ. ಎಲ್ಲರಿಗೂ ಒಂದೊಂದು ಗಡ ಇದೆ, ನಮ್ಮದು ಯಾವುದು?

ನನ್ನೂರು ತಿಪಟೂರು. ಅಲ್ಲಿ ಕೊಬ್ಬರಿ ಮಾರುಕಟ್ಟೆ ಇದೆ, ಗಡ ಇಲ್ಲ. ಚಿತ್ರದುರ್ಗ ಅನ್ನಬಹುದಿತ್ತು. ಹಂಪಿ ಎಂದು ಹೇಳಿ ಬಚಾವಾಗಬಹುದಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ. “ಮಳಖೇಡ. ಸಾವಿರದ ಇನ್ನೂರು ವರ್ಷದ ಹಿಂದೆ ಅದು ನಮ್ಮ ರಾಜಧಾನಿ. ನೀನಿರುವ ಈ ಪುಣೆಯೂ ಆ ರಾಜರದ್ದೇ ಆಗಿತ್ತು.”

ಹಾಗೆ ಬಾಯಿಗೆ ಬರಲು ಕಾರಣವಿತ್ತು. ಆಫೀಸಿನ ಊಟದ ಟೇಬಲ್ಲಿನಲ್ಲಿ ಆ ವಾರವಷ್ಟೇ ಒಂದು ಚರ್ಚೆಯಾಗಿತ್ತು. ಜಗಳವಲ್ಲ, ನಮ್ಮ ಟೀಮಿನಲ್ಲಿ ಜಗಳಗಳು ಬಿಲ್ಡ್ ಒಡೆದಾಗ ಮಾತ್ರ. ರಾಷ್ಟ್ರಕೂಟರು ಮರಾಠಿಗರೋ ಕನ್ನಡಿಗರೋ ಎಂಬುದು ವಿಷಯ. ಪಕ್ಕದ ಸಹೋದ್ಯೋಗಿ ಲಾತೂರಿನವನು. ರಾಷ್ಟ್ರಕೂಟರು ತಮ್ಮನ್ನು ಕರೆದುಕೊಂಡದ್ದೇ ‘ಲಟ್ಟಲೂರಿನ ಒಡೆಯರು’ ಎಂದು, ಅಂದರೆ ನಮ್ಮೂರಿನವರು ಎಂದ. ಸರಿಯಾದ ಮಾತೇ. ನಾನು ಅಪ್ಪಾ ಬಳವಂತ ಚೌಕದ ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡಿದ್ದ ಆಲ್ತೇಕರರ ಪುಸ್ತಕವನ್ನು ಮರುದಿನ ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ಅ. ಸ. ಆಲ್ತೇಕರ್ ರಾಷ್ಟ್ರಕೂಟರ ಬಗ್ಗೆ ಬರೆದ ದೊಡ್ಡ ಇಂಗ್ಲಿಷ್ ಪುಸ್ತಕ 1934ರಲ್ಲಿ ಪ್ರಕಟವಾದದ್ದು ಇದೇ ಪುಣೆಯಿಂದ. ಸ್ವತಃ ಮರಾಠಿಗರಾದ ಅವರು ಆ ಮನೆತನದ ಮೂಲ ಕನ್ನಡದ್ದು ಎಂದು ವಾದಿಸುತ್ತಾರೆ. ಪುಣೆಯ ಪ್ರಾಂತ್ಯ ತಾಮ್ರಪಟಗಳಲ್ಲಿ ‘ಪುಣ್ಯ ವಿಷಯ’, ‘ಪುನಕ ವಿಷಯ’ ಎಂದು ಮೊದಲು ಕಾಣಿಸಿಕೊಳ್ಳುವುದೂ ಎಂಟನೆಯ ಶತಮಾನದಲ್ಲಿ, ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದಲ್ಲಿ. ಎಲ್ಲೋರದ ಕೈಲಾಸ ಕಡೆಸಿದ ರಾಜ ಅವನೇ. ಸಹೋದ್ಯೋಗಿ ಪುಸ್ತಕ ತಿರುವಿಹಾಕಿ, “ಚೆನ್ನಾಗಿದೆ. ಆ ರಾಜಧಾನಿ ಹೇಗಿದೆ? ನೋಡಿದ್ದೀಯಾ?” ಎಂದ.

ನೋಡಿರಲಿಲ್ಲ. ಕಲಬುರಗಿ ಜಿಲ್ಲೆಗೇ ಕಾಲಿಟ್ಟಿರಲಿಲ್ಲ. ರಾಜ್ಯೋತ್ಸವಕ್ಕೆ ಕೆಂಪು ಹಳದಿ ಶಾಲು ಹಾಕಿಕೊಂಡು ‘ಕಾವೇರಿಯಿಂದ ಗೋದಾವರಿವರೆಗೆ’ ಎಂದು ಮೈಕಿನಲ್ಲಿ ಹೇಳುವ ನಾನು, ಆ ಮಾತನ್ನು ಕನ್ನಡಕ್ಕೆ ಕೊಟ್ಟ ‘ಕವಿರಾಜಮಾರ್ಗ’ದ ಊರನ್ನು ನೋಡಿರಲಿಲ್ಲ. ಬೆಂಗಳೂರಿಗಿಂತ ಕಲಬುರಗಿ ಪುಣೆಗೇ ಹತ್ತಿರ. ಒಂದು ರಾತ್ರಿ ರೈಲಿನ ದೂರ.

ಮಗಳಿಗೆ ಅಷ್ಟರಲ್ಲಿ ಅಮೋಘವರ್ಷನ ಬೆರಳಿನ ಕಥೆ ಹೇಳಿಯಾಗಿತ್ತು. ಪ್ರಜೆಗಳಿಗೆ ಏನೋ ವಿಪತ್ತು ಬಂದಾಗ ಅದು ತೊಲಗಲಿ ಎಂದು ಅವನು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ ಎಂದು ಸಂಜಾನದ ತಾಮ್ರಪಟದಲ್ಲಿದೆ. ಅದು ಕೊಲ್ಲಾಪುರದ ಮಹಾಲಕ್ಷ್ಮಿಯೇ ಎನ್ನುತ್ತಾರೆ. ಮಗಳು ಕೊಲ್ಲಾಪುರದ ಗುಡಿ ನೋಡಿದ್ದಾಳೆ. “ಯಾವ ಬೆರಳು? ಆಮೇಲೆ ಕಟ್ ಆದ ಬೆರಳು ಎಲ್ಲಿ ಹೋಯ್ತು?” ಎಂದು ಎರಡು ದಿನ ತಲೆ ತಿಂದಳು. ಮೂರನೇ ದಿನ, “ಹೋಗೋಣ, ನಮ್ಮ ಗಡ ನೋಡೋಣ” ಎಂದಳು. ಹೆಂಡತಿ ನನ್ನ ಕಡೆ ನೋಡಿ, “ನೀವು ಮೊದಲು ಒಬ್ಬರೇ ಹೋಗಿ ನೋಡಿಕೊಂಡು ಬನ್ನಿ. ಸ್ಪ್ಲಿಟ್ ಥರ ಆಗೋದು ಬೇಡ” ಎಂದಳು.

ಸ್ಪ್ಲಿಟ್ ನಮ್ಮ ಮನೆಯಲ್ಲಿ ನಿರಾಸೆಗೆ ಇರುವ ಇನ್ನೊಂದು ಹೆಸರು. ಅದು ಕ್ರೊಯೇಷಿಯಾದ ಸಮುದ್ರ ತೀರದ ಊರು. 2017ರಲ್ಲಿ ಎಂಟು ತಿಂಗಳು ಮ್ಯೂನಿಕ್‌ನಲ್ಲಿ ಆನ್‌ಸೈಟ್ ಇದ್ದಾಗ ಬೆನ್ನಿಗೊಂದು ಚೀಲ ಏರಿಸಿಕೊಂಡು ಸಿಕ್ಕ ರಾತ್ರಿ ಬಸ್ಸುಗಳನ್ನೆಲ್ಲ ಹತ್ತುವುದು ನನ್ನ ವಾರಾಂತ್ಯದ ಕೆಲಸವಾಗಿತ್ತು. ಆಗಸ್ಟಿನಲ್ಲಿ ಅಲ್ಲಿಗೆ ಹೋದೆ. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ತನ್ನ ವಿಶ್ರಾಂತಿಗೆಂದು ಸುಮಾರು ಕ್ರಿ.ಶ. 305ರ ಹೊತ್ತಿಗೆ ಕಟ್ಟಿಸಿದ ಅರಮನೆಯೇ ಅಲ್ಲಿನ ಹಳೆಯ ಊರು. ಏಳನೆಯ ಶತಮಾನದಲ್ಲಿ ಪಕ್ಕದ ಸಲೋನಾ ನಗರ ದಾಳಿಗೆ ಬಿದ್ದಾಗ ಓಡಿಬಂದ ಜನ ಆ ಅರಮನೆಯೊಳಗೆ ಬೀಡುಬಿಟ್ಟರು, ಮತ್ತೆ ಹೋಗಲೇ ಇಲ್ಲ. ಓದುವಾಗ ಮೈ ಜುಮ್ಮೆಂದಿತ್ತು. ಹೋಗಿ ನೋಡಿದರೆ ಜಾತ್ರೆ. ಹಡಗಿನಿಂದಿಳಿದ ಗುಂಪುಗಳು, ಒಬ್ಬೊಬ್ಬ ಗೈಡಿನ ಕೈಯಲ್ಲಿ ಒಂದೊಂದು ಕೊಡೆ, ರೋಮನ್ ಸೈನಿಕರ ವೇಷ ಹಾಕಿ ಫೋಟೋಕ್ಕೆ ನಿಲ್ಲುವ ಹುಡುಗರು, ನೆಲಮಾಳಿಗೆಯಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಚಿತ್ರೀಕರಣವಾದ ಜಾಗ ಹುಡುಕುವವರು. ಮೂವತ್ತೈದು ಡಿಗ್ರಿ ಬಿಸಿಲು. ಆರು ಮಂಚದ ಹಾಸ್ಟೆಲ್ ಕೋಣೆಯಲ್ಲಿ ಒಂದೇ ಫ್ಯಾನು. ಒಂದು ಐಸ್‌ಕ್ರೀಮಿಗೆ ಕೊಟ್ಟ ಕೂನಾ ಎಷ್ಟು ರೂಪಾಯಿ ಎಂದು ಲೆಕ್ಕಹಾಕಿ ಅದರ ರುಚಿಯೂ ಹೋಯಿತು. ಎರಡು ದಿನಕ್ಕೆಂದು ಹೋದವನು ಒಂದೇ ದಿನಕ್ಕೆ ವಾಪಸ್ ಬಸ್ ಹತ್ತಿ, ಹೆಂಡತಿಗೆ ಫೋನಿನಲ್ಲಿ ಮುಕ್ಕಾಲು ಗಂಟೆ ಗೊಣಗಿದ್ದೆ. ಅಲ್ಲಿ ಇಷ್ಟವಾದದ್ದು ಒಂದೇ: ಒಂದು ಹಳೆಯ ಕಮಾನಿನ ಮೇಲಿನ ಕಿಟಕಿಯಿಂದ ಒಬ್ಬ ಅಜ್ಜಿ, ಕೆಳಗಿನ ಗದ್ದಲಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ, ಹಗ್ಗಕ್ಕೆ ಲಂಗ ಹರವುತ್ತಿದ್ದಳು.

ಆ ಅನುಭವ ಇದ್ದುದರಿಂದ ಮಳಖೇಡದ ಬಗ್ಗೆ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬಾರದೆಂದು ನಿರ್ಧರಿಸಿದ್ದೆ. ಆದರೆ ಇಟ್ಟುಕೊಂಡೆ. 2024ರ ಗಣರಾಜ್ಯೋತ್ಸವ ಶುಕ್ರವಾರ ಬಂದಿತ್ತು. ಗುರುವಾರ ರಾತ್ರಿ ಹೈದರಾಬಾದ್ ಕಡೆಯ ರೈಲು ಹತ್ತಿ ಮೇಲಿನ ಬರ್ತಿನಲ್ಲಿ ಮಲಗಿ, ಬಾಗ್ದಾದಿನ ಖಲೀಫ, ಚೀನಾದ ದೊರೆ, ರೂಮಿನ ಚಕ್ರವರ್ತಿ ಇವರ ಸಾಲಿನಲ್ಲಿ ನಾಲ್ಕನೆಯವನಾಗಿ ‘ಬಲ್ಹಾರಾ’ನನ್ನು ಹೆಸರಿಸಿದ ಅರಬ್ ವ್ಯಾಪಾರಿ ಸುಲೈಮಾನನ ಬಗ್ಗೆ ಮೊಬೈಲಿನಲ್ಲಿ ಓದುತ್ತಿದ್ದೆ. 851ರ ಹೊತ್ತಿನ ಬರಹ ಅದು. ಬಲ್ಹಾರಾ ಎಂದರೆ ವಲ್ಲಭರಾಜ, ಅಂದರೆ ನಮ್ಮ ರಾಷ್ಟ್ರಕೂಟ ದೊರೆ. ಮುಂದಿನ ಶತಮಾನದ ಅಲ್ ಮಸೂದಿ ರಾಜಧಾನಿಗೆ ‘ಮಾನ್‌ಕೀರ್’ ಎಂದು ಹೆಸರು ಬರೆದು, ಅಲ್ಲಿ ಆಡುವ ಭಾಷೆ ‘ಕೀರಿಯಾ’ ಎಂದಿದ್ದಾನೆ. ತಾಮ್ರಪಟಗಳಲ್ಲಂತೂ ಮಾನ್ಯಖೇಟ ದೇವತೆಗಳ ನಗರವನ್ನೇ ನೋಡಿ ನಗುವ ಊರು. ಇಷ್ಟೆಲ್ಲ ಓದಿದ ಮೇಲೆ ನಿರೀಕ್ಷೆ ಬೇಡವೆಂದರೆ ಹೇಗೆ?

ಕಲಬುರಗಿಯಲ್ಲಿಳಿದು ಸ್ಟೇಷನ್ನಿನ ಎದುರು ಸುಸ್ಲಾ, ಮಿರ್ಚಿ ತಿಂದು ಸೇಡಂ ಬಸ್ ಹಿಡಿದೆ. ಮಳಖೇಡ ಸುಮಾರು 40 ಕಿಲೋಮೀಟರು. ಟಿಕೆಟ್ ಕೊಡುತ್ತ ಕಂಡಕ್ಟರ್, “ಮಠಕ್ಕೇನ್ರಿ ಸರ?” ಎಂದರು.

“ಅಲ್ಲ, ಕೋಟೆ ನೋಡಕ್ಕೆ.”

“ಕ್ವಾಟಿ?” ಪಕ್ಕದ ಸೀಟಿನವರೂ ತಿರುಗಿ ನೋಡಿದರು. “ಅಲ್ಲಿ ನೋಡ್ಲಾಕ ಏನದ?”

ತಿಪಟೂರಿನವನಿಗೆ ಆ ಕನ್ನಡ ಕೇಳಲು ಹೊಸದು. ನನ್ನ ಕನ್ನಡ ಅವರಿಗೂ ಹಾಗೇ ಕೇಳಿಸಿರಬೇಕು. ಕಿಟಕಿಯ ಆಚೆ ಎರಡೂ ಕಡೆ ಬಯಲು. ತೊಗರಿಯ ನಾಡು, ಕೊಯ್ಲು ಮುಗಿದು ಹೊಲಗಳಲ್ಲಿ ಬರೀ ಕೂಳೆ ನಿಂತಿತ್ತು. ಸಿಮೆಂಟಿನ ಲಾರಿಗಳು ಒಂದರ ಹಿಂದೆ ಒಂದು ಎದುರಾಗುತ್ತಿದ್ದವು.

ಬಸ್ಸಿನಿಂದ ಇಳಿದ ಮೇಲೆ ಕಂಡದ್ದು ಒಂದು ಸಾಧಾರಣ ಊರು. ಚಹಾದಂಗಡಿ, ಮೊಬೈಲ್ ರೀಚಾರ್ಜ್, ಗೊಬ್ಬರದಂಗಡಿ, ಧೂಳು. ಧ್ವಜ ಹಾರಿಸಿ ಬರುತ್ತಿದ್ದ ಶಾಲೆಯ ಮಕ್ಕಳ ಕೈಯಲ್ಲಿ ಕಾಗದದ ಬಾವುಟ, ಇನ್ನೊಂದು ಕೈಯಲ್ಲಿ ಬೂಂದಿ. ಕೋಟೆ ಎಲ್ಲಿ ಎಂದು ಕೇಳಿದೆ. ನಾಲ್ಕೈದು ಮಕ್ಕಳು ಒಟ್ಟಿಗೆ ಕೈ ತೋರಿಸಿದರು, ಎರಡು ಬೇರೆ ಬೇರೆ ದಿಕ್ಕಿಗೆ.

ಕೋಟೆ ಇದೆ. ಇಲ್ಲವೆನ್ನಲಾಗದು. ಕಾಗಿಣಾ ನದಿಯ ದಂಡೆಗೆ ಗೋಡೆ, ಬುರುಜು, ಬಾಗಿಲು. ಕೆಲವು ಕಡೆ ದುರಸ್ತಿ ಮಾಡಿದ್ದು ಎದ್ದು ಕಾಣುತ್ತದೆ. ಬುರುಜುಗಳ ಆಕಾರ ನೋಡಿದರೆ ನನಗೆ ಬಹಮನಿ ಕಾಲದ ಕೋಟೆಗಳೇ ನೆನಪಾದವು, ಅಮೋಘವರ್ಷನಲ್ಲ. ಗೋಡೆಯ ಬದಿಯಲ್ಲಿ ಜಾಲಿ ಬೆಳೆದಿತ್ತು. ಕೆಳಗೆ ನದಿಯಲ್ಲಿ ಮಂಡಿಯುದ್ದ ನೀರು, ಎಮ್ಮೆಗಳು, ಬಟ್ಟೆ ಒಗೆಯುವ ಹೆಂಗಸರು. ಫೋನ್ ತೆಗೆದು ಮಗಳಿಗೆ ಕಳಿಸಲು ಫೋಟೋ ಹಿಡಿದೆ. ಯಾವ ಕೋನದಲ್ಲಿ ಹಿಡಿದರೂ ಅದು ರಾಜಗಡವಾಗಲಿಲ್ಲ. ಗಡ ಎನ್ನಲು ಮೊದಲು ಒಂದು ಬೆಟ್ಟವಾದರೂ ಬೇಕಲ್ಲ! ಕೊನೆಗೆ ನೆಲದ ಮೇಲೆ ಕೂತು, ಬುರುಜು ದೊಡ್ಡದಾಗಿ ಕಾಣುವಂತೆ ಕೆಳಗಿನಿಂದ ಒಂದು ತೆಗೆದೆ. ನನಗೇ ನಾಚಿಕೆಯಾಗಿ ಅಳಿಸಿದೆ.

ಹಾಗೆ ನೆಲದ ಮೇಲೆ ಕೂತಿದ್ದಾಗಲೇ ಮೇಕೆ ಕಾಯುತ್ತಿದ್ದ ಒಬ್ಬ ಹಿರಿಯರು ಹತ್ತಿರ ಬಂದರು. ನನ್ನ ಬ್ಯಾಗು, ಶೂ, ಕೈಯ ಫೋನು ಎಲ್ಲ ನೋಡಿ, “ಇಲಾಖಿಯವ್ರೇನ್ರಿ?” ಎಂದರು. ಧ್ವನಿಯಲ್ಲಿ ಸ್ವಲ್ಪ ಅನುಮಾನ. ಅಳತೆ ಮಾಡಲು ಬಂದವನಿರಬೇಕು ಎಂದುಕೊಂಡಿದ್ದರಂತೆ.

“ಅಲ್ಲ ಕಾಕಾ. ಪುಣೆಯಿಂದ ಬಂದೆ. ನೋಡಿಕೊಂಡು ಹೋಗೋಣ ಅಂತ.”

“ಪುಣಾದಿಂದ? ಇದನ್ನ ನೋಡ್ಲಾಕ?” ಮುಖ ಸಡಿಲಾಯಿತು. “ನಮ್ ಹುಡುಗ ಪುಣಾದಾಗೇ ಇದ್ದಾನ್ರೀ. ಸೆಂಟ್ರಿಂಗ್ ಕೆಲ್ಸ. ಹಿಂಜವಾಡಿ ಅಂತ ಅದ ಅಂತಲ್ಲ, ಅಲ್ಲಿ. ನಿಮ್ಮ ಮನಿ ಎಲ್ಲಿ?”

ವಾಕಡ್ ಎಂದೆ. ಹಿಂಜವಾಡಿಗೆ ಪಕ್ಕದಲ್ಲೇ ಎಂದೆ. ಅಷ್ಟಕ್ಕೆ ನಾನು ನೆಂಟನಾಗಿಬಿಟ್ಟೆ. ಮೇಕೆಗಳನ್ನು ಒಬ್ಬ ಹುಡುಗನಿಗೆ ಒಪ್ಪಿಸಿ ನನ್ನನ್ನು ಊರಿಡೀ ತಿರುಗಿಸಿದರು. ನೇಮಿನಾಥ ಬಸದಿಗೆ ಕರೆದುಕೊಂಡು ಹೋದರು. ಅಂದು ನನಗೆ ಏನಾದರೂ ದಕ್ಕಿತು ಎಂದರೆ ಅಲ್ಲೇ. ಹಳೆಯ ಕಂಬಗಳು, ತೀರ್ಥಂಕರರ ಮೂರ್ತಿಗಳು, ಮತ್ತೆ ಒಂದು ಪುಟ್ಟ ಲೋಹದ ಗುಡಿ. ಅದರ ಸುತ್ತ 96 ಬಿಂಬಗಳಂತೆ. ಎಣಿಸಲು ಹೋಗಿ ಮೂವತ್ತರ ಹತ್ತಿರ ತಪ್ಪಿ, ಮತ್ತೆ ಶುರುಮಾಡಿ, ಬಿಟ್ಟೆ. ತಣ್ಣಗಿತ್ತು. ನಾವಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಮಠದಲ್ಲಿ ಮಾತ್ರ ಜನ. ಟೀಕಾಚಾರ್ಯರೆಂದೇ ಪ್ರಸಿದ್ಧರಾದ ಜಯತೀರ್ಥರ ಸನ್ನಿಧಿ ಎಂದು ಕಾರು ಮಾಡಿಕೊಂಡು ಬಂದ ಕುಟುಂಬಗಳು ಪ್ರದಕ್ಷಿಣೆ ಹಾಕುತ್ತಿದ್ದವು. ಹುಬ್ಬಳ್ಳಿಯವರೊಬ್ಬರು, “ಕೋಟೆ ಇದೆಯಾ ಇಲ್ಲಿ?” ಎಂದು ನನ್ನನ್ನೇ ಕೇಳಿದರು. ಮಳಖೇಡಕ್ಕೆ ಇವತ್ತಿಗೂ ಯಾತ್ರಿಕರು ಬರುತ್ತಾರೆ. ರಾಜರನ್ನು ಹುಡುಕಿಕೊಂಡಲ್ಲ ಅಷ್ಟೆ.

ಮಧ್ಯಾಹ್ನ ಕಾಕಾರ ಮನೆಯಲ್ಲೇ ಊಟ. ಬೇಡವೆಂದರೆ ಕೇಳುವವರಲ್ಲ. ಶಹಾಬಾದಿ ಹಾಸುಗಲ್ಲಿನ ನೆಲ, ಗೋಡೆಗೂ ಅದೇ ಕಲ್ಲು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಮೊಸರು. ಕಾಕಿ ರೊಟ್ಟಿ ಬಡಿಯುತ್ತಲೇ ಮಗನಿಗೆ ಫೋನ್ ಹಚ್ಚಿಸಿ ನನ್ನ ಕೈಗೆ ಕೊಟ್ಟರು. ಆ ಕಡೆಯಿಂದ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು. ರಜಾ ದಿನವೂ ಕೆಲಸವಿತ್ತು. ಅವನು ಮೊದಲು ಗಾಬರಿಯಾದ. ಯಾರೋ ಅಪರಿಚಿತರು ಅಪ್ಪನ ಫೋನಿನಿಂದ ಮಾತಾಡಿದರೆ ಯಾರಿಗಾದರೂ ಆಗುತ್ತದೆ. ವಿಷಯ ತಿಳಿದ ಮೇಲೆ, “ಅಲ್ಲೇನ್ ನೋಡ್ಲಾಕ ಹೋಗೀರಿ ಸರ? ಅಲ್ಲಿ ಏನೂ ಇಲ್ಲಂತ್ಲೇ ನಾವು ಇಲ್ಲಿಗಿ ಬಂದೀವಿ” ಎಂದು ನಕ್ಕ.

ಕಾಕಾರನ್ನು ರಾಷ್ಟ್ರಕೂಟರ ಬಗ್ಗೆ ಕೇಳಿದೆ. ನೃಪತುಂಗನ ಹೆಸರು ಗೊತ್ತಿತ್ತು. “ಭಾಳ ದೊಡ್ಡ ರಾಜ ಅಂತ್ರಿ. ಭಾಷಣ ಮಾಡ್ಲಾಕ ಬಂದವ್ರು ಎಲ್ಲಾರೂ ಅದನ್ನೇ ಹೇಳ್ತಾರ.” ಅಷ್ಟು ಹೇಳಿ, ಈ ಸಲ ತೊಗರಿಗೆ ಎಷ್ಟು ಬಂತು ಎಂಬ ಮಾತಿಗೆ ಹೊರಳಿದರು.

ಊಟವಾದ ಮೇಲೆ ಒಬ್ಬನೇ ನದಿಯ ದಂಡೆಗೆ ಬಂದು ಕೂತೆ. ಇಲ್ಲಿ ಯಾಕೆ ಏನೂ ಉಳಿಯಲಿಲ್ಲ? ಅಮೋಘವರ್ಷ 814ರಿಂದ 878ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ ಆಳಿದವನು. ಶ್ರೀವಿಜಯನ ‘ಕವಿರಾಜಮಾರ್ಗ’ ಅವನ ಆಸ್ಥಾನದ್ದು. ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಶುರುಮಾಡುವುದೇ ಅವನನ್ನು ಹೊಗಳಿ. ನಾವು ಕಾಲೇಜಿನಲ್ಲಿ ಉರುಹೊಡೆದ ಎನ್‌ಸಿಆರ್ ಸೂತ್ರ, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎನ್ನುವುದು, ಸಾಮಾನ್ಯ ಸೂತ್ರವಾಗಿ ಆ ಪುಸ್ತಕದಲ್ಲಿದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಅವನು ಬರೆದಿದ್ದಾನೆ. ಇದನ್ನೆಲ್ಲ ನೆನಪಿಸಿಕೊಂಡು ಎದುರಿಗೆ ನೋಡಿದರೆ ಎಮ್ಮೆಗಳು.

ಉತ್ತರದ ಒಂದು ಭಾಗ 972ರಲ್ಲಿದೆ. ಮಾಳವದ ಪರಮಾರ ದೊರೆ ಸೀಯಕ ಆಗ ಮಾನ್ಯಖೇಟವನ್ನು ಲೂಟಿ ಮಾಡಿದ. ಇದು ನಮಗೆ ಗೊತ್ತಾಗುವ ಬಗೆ ವಿಚಿತ್ರ. ಧಾರಾನಗರದಲ್ಲಿ ಧನಪಾಲನೆಂಬ ಕವಿ ತನ್ನ ತಂಗಿ ಸುಂದರಿಗಾಗಿ ‘ಪಾಇಯಲಚ್ಛೀ’ ಎಂಬ ಪ್ರಾಕೃತ ನಿಘಂಟು ಬರೆದ. ಅದನ್ನು ಮುಗಿಸಿದ ಕಾಲ ಯಾವುದೆಂದು ಹೇಳುವಾಗ, ಮಾಳವದವರು ಮಾನ್ಯಖೇಟವನ್ನು ಕೊಳ್ಳೆಹೊಡೆದ ವರ್ಷ ಎಂದು ಗುರುತು ಹಾಕಿದ. ಒಂದು ಮಹಾನಗರದ ನಾಶ ಇನ್ನೊಂದೂರಿನ ಒಬ್ಬ ಅಣ್ಣನಿಗೆ, ತಂಗಿಗೆ ಕೊಟ್ಟ ಪುಸ್ತಕದ ತಾರೀಕು. ಮಾನ್ಯಖೇಟದಲ್ಲಿದ್ದ ಪುಷ್ಪದಂತನ ಕಥೆ ಇದರ ಇನ್ನೊಂದು ಮಗ್ಗುಲು. ಹೊರಗಿನಿಂದ ಬಂದು ಇಲ್ಲಿ ನೆಲೆಯಾದ ಅಪಭ್ರಂಶ ಕವಿ ಅವನು. ಮಂತ್ರಿ ಭರತನ ಆಶ್ರಯದಲ್ಲಿ ‘ಮಹಾಪುರಾಣ’ ಬರೆದ. ಲೂಟಿಯಾದ ಮೇಲೆ, ತಾನಿನ್ನು ಎಲ್ಲಿ ವಾಸಮಾಡಬೇಕು ಎಂದು ಅವನು ಹಲುಬುವ ಪದ್ಯವೊಂದಿದೆ. ವಲಸೆ ಬಂದವನ ಮೊದಲ ಚಿಂತೆ ಅಂದೂ ಮನೆಯದೇ. ಅವನ ಆ ‘ಮಹಾಪುರಾಣ’ವನ್ನು ಇಪ್ಪತ್ತನೆಯ ಶತಮಾನದಲ್ಲಿ ಸಂಪಾದಿಸಿ ಅಚ್ಚಿಗೆ ತಂದವರು ಪುಣೆಯ ಪ್ರಾಧ್ಯಾಪಕರಾಗಿದ್ದ ಪ. ಲ. ವೈದ್ಯರು.

ಮುಂದೆ ಚಾಲುಕ್ಯರು ಕೆಲಕಾಲ ಇಲ್ಲಿಂದಲೇ ಆಳಿ, ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದರು. ರಾಜಧಾನಿ ಹೋದ ಮೇಲೆ ಊರಿನಲ್ಲಿ ಉಳಿಯುವುದು ಊರು. ಒಳ್ಳೆಯ ಕಲ್ಲನ್ನು ಬಿದ್ದ ಗೋಡೆಯಿಂದ ತೆಗೆದು ಹೊಸ ಗೋಡೆಗೆ ಇಡುತ್ತಾರೆ, ಯಾರು ಬೇಡವೆನ್ನಬೇಕು? ರಾಷ್ಟ್ರಕೂಟರು ಉಳಿಯುವಂಥದ್ದನ್ನು ಮಾಡಿದ್ದು ಬೇರೆ ಕಡೆ, ಎಲ್ಲೋರದಂಥ ಕಡೆ, ಬೆಟ್ಟವನ್ನೇ ಕೊರೆದು. ಅದನ್ನು ಯಾರೂ ಕಿತ್ತುಕೊಂಡು ಹೋಗಿ ಮನೆ ಕಟ್ಟಿಕೊಳ್ಳಲಾಗುವುದಿಲ್ಲ.

ಇಷ್ಟು ಕಾರಣ ಗೊತ್ತಾದ ಮೇಲೂ ಬೇಜಾರು ಹೋಗಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಸ್ಪ್ಲಿಟ್‌ನಲ್ಲಿ ಆದದ್ದು ದುಡ್ಡು ಹೋಯಿತಲ್ಲ ಎನ್ನುವ ಬೇಜಾರು. ಇದು ಹಾಗಲ್ಲ. ಹದಿಮೂರು ವರ್ಷದಿಂದ ಬೇರೆಯವರ ಕೋಟೆಗಳನ್ನು ಹತ್ತಿ, ಬೇರೆಯವರ ಘೋಷಣೆಗೆ ದನಿಗೂಡಿಸಿ, ಸಂತೋಷವಾಗೇ ಇರುವವನಿಗೆ ಒಳಗೆಲ್ಲೋ ಒಂದು ಆಸೆ ಇತ್ತು; ನಮ್ಮದೂ ಒಂದಿದೆ, ನಿಮ್ಮದಕ್ಕಿಂತ ಹಳೆಯದು, ದೊಡ್ಡದು ಎಂದು ಫೋಟೋ ತೋರಿಸುವ ಆಸೆ. ಒಂಬತ್ತು ವರ್ಷದ ಹುಡುಗಿಗೆ ಹೇಳಿದ್ದು ಒಂದು ನೆಪ. ಊಟದ ಟೇಬಲ್ಲೇ ನಿಜವಾದದ್ದು.

ಸಂಜೆ ಹೊರಡುವಾಗ ಕಾಕಿ ಒಂದು ಗಂಟು ಕೊಟ್ಟರು. ಖಡಕ್ ರೊಟ್ಟಿ ಒಂದು ಕಟ್ಟು, ಎರಡು ಡಬ್ಬಿ ಹಿಂಡಿ, ತೊಗರಿಬೇಳೆ. ಒಂದು ಡಬ್ಬಿ ನನಗೆ, ಉಳಿದದ್ದು ಮಗನಿಗೆ. ನನ್ನ ಬ್ಯಾಕ್‌ಪ್ಯಾಕಿನಲ್ಲಿ ಜಾಗವಿರಲಿಲ್ಲ. ಆಲ್ತೇಕರರನ್ನು ಕೈಯಲ್ಲಿ ಹಿಡಿದುಕೊಂಡೆ, ರೊಟ್ಟಿ ಒಳಗೆ ಹೋಯಿತು. ಸೇಡಂ ಕಡೆಯಿಂದ ರೈಲು ಹಿಡಿಯೋಣವೆಂದು ಆ ಬಸ್ ಹತ್ತಿದೆ. ದಾರಿಯಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಂಡಿತು. ಇಡೀ ದಿನದಲ್ಲಿ ನಾನು ನೋಡಿದ ಅತಿ ಎತ್ತರದ ಕಟ್ಟಡ ಅದು. ಆ ಸೀಮೆಯ ನೆಲದಡಿ ಸುಣ್ಣಕಲ್ಲು ಹಾಸಿಕೊಂಡಿದೆ, ಕಾರ್ಖಾನೆಗಳಿರುವುದು ಅದಕ್ಕೇ. ನನ್ನ ವಾಕಡ್ ಫ್ಲ್ಯಾಟಿನ ಗೋಡೆಯಲ್ಲಿ ಈ ನೆಲದ ಕಲ್ಲು ಇದ್ದರೂ ಇದ್ದೀತು. ಕಂತು ಇನ್ನೂ ಹನ್ನೊಂದು ವರ್ಷ ಇದೆ.

ಭಾನುವಾರ ಗಂಟು ತಲುಪಿಸಲು ಹೋದೆ, ಮಗಳೂ ಬಂದಳು. ನಮ್ಮ ಸೊಸೈಟಿಯ ಹಿಂದಿನ ಗೇಟಿನಿಂದ ಎರಡು ಕಿಲೋಮೀಟರೂ ಇಲ್ಲ. ತಗಡಿನ ಶೆಡ್ಡುಗಳ ಸಾಲು, ಒಂದು ನಲ್ಲಿ, ಅದರ ಮುಂದೆ ಕೊಡಗಳ ಸಾಲು. ಕಾಕಾರ ಮಗ ನನಗಿಂತ ಚಿಕ್ಕವನು, ಹೆಂಡತಿ, ಇಬ್ಬರು ಮಕ್ಕಳು. ಹತ್ತಿರದ ಶೆಡ್ಡುಗಳಲ್ಲಿ ಯಾದಗಿರಿಯವರು, ಅಫಜಲಪುರದವರು, ಜೇವರ್ಗಿಯವರು. ಇಷ್ಟು ವರ್ಷ ಸಂಘದ ಕಾರ್ಯಕ್ರಮಕ್ಕೆ ಜನ ಸೇರುವುದಿಲ್ಲ, ಈ ಭಾಗದಲ್ಲಿ ಕನ್ನಡಿಗರೇ ಕಡಿಮೆ ಎಂದು ನಾವು ಮೀಟಿಂಗಿನಲ್ಲಿ ಹೇಳಿಕೊಳ್ಳುತ್ತಿದ್ದೆವು. ಮಗಳು ಅಲ್ಲಿನ ಹುಡುಗಿಯ ಜೊತೆ ಮರಾಠಿಯಲ್ಲಿ ಮಾತು ಶುರುಮಾಡಿದಳು, ಆ ಹುಡುಗಿ ಸ್ವಲ್ಪ ಹೊತ್ತು ಕೇಳಿ, “ನಿಂಗ ಕನ್ನಡ ಬರಲ್ಲೇನು?” ಎಂದಿತು. ಮಗಳು ನನ್ನ ಮುಖ ನೋಡಿದಳು. ಬರುತ್ತದೆ ಎಂದು ತೋರಿಸಲು ಬೆರಳಿನ ರಾಜನ ಕಥೆ ಹೇಳಲು ಹೊರಟಳು. ಅರ್ಧ ಮರಾಠಿ, ಅರ್ಧ ತಿಪಟೂರು. ಆ ಹುಡುಗಿಗೆ ತನ್ನೂರಿನ ರಾಜ ಬೆರಳು ಕತ್ತರಿಸಿಕೊಂಡದ್ದು ಗೊತ್ತಿರಲಿಲ್ಲ. ಅವಳೂ ಮೊದಲು ಕೇಳಿದ್ದು, “ಯಾವ ಬೆಳ್ಳು?”

ವಾಪಸ್ ಬರುತ್ತ ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರಕ್ಕೆ ಕರೆದುಕೊಂಡು ಹೋದೆ. ಅದೂ ರಾಷ್ಟ್ರಕೂಟರ ಕಾಲದ್ದು, ಎಂಟನೆಯ ಶತಮಾನದ್ದು, ಕಪ್ಪು ಬಂಡೆಯಲ್ಲಿ ಕೊರೆದು ಅರ್ಧಕ್ಕೇ ಬಿಟ್ಟ ಗುಡಿ. ಎದುರಿಗಿನ ನಂದಿಮಂಟಪ ಕೊಡೆಯ ಹಾಗೆ ದುಂಡಗಿದೆ. ಹದಿಮೂರು ವರ್ಷದಲ್ಲಿ ಅದರ ಮುಂದೆ ಪಾರ್ಕಿಂಗ್ ಹುಡುಕುತ್ತ ಎಷ್ಟು ಸಲ ಸುತ್ತಿದ್ದೇನೋ, ಒಳಗೆ ಹೋದದ್ದು ಎರಡನೇ ಸಲ. ಮಗಳು ಮಂಟಪದ ಸುತ್ತ ಓಡಿ ಸುಸ್ತಾಗಿ ಬಂದು, “ಇದು ಇಷ್ಟು ಚೆನ್ನಾಗಿದೆ, ಅಲ್ಲಿ ಯಾಕೆ ಇಲ್ಲ?” ಎಂದಳು. ಲೂಟಿಯ ಕಥೆ, ತಂಗಿಗೆ ಬರೆದ ಪುಸ್ತಕದ ಕಥೆ ಹೇಳಿದೆ. ಕೋಟೆ, ನದಿ, ಎಮ್ಮೆ, ಚಿಮಣಿ ಎಲ್ಲ ಹೇಳಿದೆ. ಬುರುಜನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳಲಿಲ್ಲ.

ಸೋಮವಾರ ಊಟದ ಟೇಬಲ್ಲಿನಲ್ಲಿ ಲಾತೂರಿನವನು, “ಹೇಗಿತ್ತು ರಾಜಧಾನಿ?” ಎಂದ. ಹಿಂಡಿಯ ಡಬ್ಬಿ ಮುಂದಿಟ್ಟೆ. “ಅರೆ, ಇದು ನಮ್ಮ ಕಡೆಯದೇ” ಎಂದು ಮುಕ್ಕಾಲು ಪಾಲು ಅವನೇ ಮುಗಿಸಿದ.

2024ರ ದೀಪಾವಳಿಗೆ ಮಗಳು ಕಿಲ್ಲಾ ತಂಡದಲ್ಲಿ ದೊಡ್ಡವಳು, ಆದ್ದರಿಂದ ಅವಳ ಮಾತಿಗೆ ಬೆಲೆ. ಕೋಟೆ ಈ ಸಲವೂ ರಾಜಗಡವೇ. ಆದರೆ ಬಲಗಡೆ ತಗ್ಗಿನಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೊಂದಿಷ್ಟು ಕಪ್ಪು ಕಲ್ಲು ಇಟ್ಟಿದ್ದಳು. ಎಮ್ಮೆಗಳಂತೆ. ಅದರ ಪಕ್ಕದಲ್ಲಿ ಒಂದು ಸಣ್ಣ ಬುರುಜು, ಅದಕ್ಕಿಂತ ಎತ್ತರಕ್ಕೆ ಬೂದು ಬಣ್ಣ ಬಳಿದ ರಟ್ಟಿನ ಕೊಳವೆ, ತುದಿಯಲ್ಲಿ ಹೊಗೆಗೆಂದು ಹತ್ತಿ. ಶಿವಾಜಿ ಮಹಾರಾಜರ ಕಾಲದಲ್ಲಿ ಫ್ಯಾಕ್ಟರಿ ಎಲ್ಲಿತ್ತು ಎಂದು ಕೆಳಗಿನ ಮನೆಯ ಹುಡುಗ ಜಗಳಕ್ಕೆ ನಿಂತ. “ಅದು ನಮ್ಮ ಗಡ” ಎಂದು ಮಗಳು ಮರಾಠಿಯಲ್ಲೇ ಉತ್ತರ ಕೊಟ್ಟಳು, “ಅಲ್ಲಿ ಹಾಗೇ ಇದೆ. ಬೇಕಾದರೆ ನಮ್ಮಪ್ಪನನ್ನ ಕೇಳು.”

ಹುಡುಗ ಕೇಳಲು ಬಂದ. ಹೌದಪ್ಪಾ, ಹಾಗೇ ಇದೆ ಎಂದೆ.